ಕೊಳವೆಯ ಹಿಂದಿನ ಬಾಯಿಯ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರದ ಪುರವಣಿಯಲ್ಲಿ ಪಟ್ಟಣದೊಳಗಿನ ಕಾಳಗಕ್ಕೆಂದೇ ತಯಾರಾದ, ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ ಲಾಂಚರ್‌ಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಜೊತೆಗೆ ಬಣ್ಣದ ಚಿತ್ರ: ಮೊಣಕಾಲೂರಿ ಕೂತ ಸೈನಿಕ, ಹೆಗಲ ಮೇಲೆ ಕೊಳವೆ, ಮುಂದೆ ಬೆಂಕಿಯ ಗೆರೆ. ಚಿತ್ರದ ಹಿಂಬದಿಯನ್ನು ಅಂಕಣದ ಅಳತೆಗೆ ಕತ್ತರಿಸಲಾಗಿತ್ತು. ಆ ಕತ್ತರಿಸಿದ ಭಾಗದ ಬಗ್ಗೆಯೇ ಈ ಪತ್ರ.

ನಾನು ಗದಗ-ಬೆಟಗೇರಿಯ ನೇಕಾರ ಮನೆತನದವನು. 1984ರಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಭರ್ತಿಯಾಗಿ 2008ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಅದರಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ನನ್ನ ಹೆಗಲ ಮೇಲಿದ್ದದ್ದು 84 ಮಿ.ಮೀ. ಕಾರ್ಲ್ ಗುಸ್ತಾಫ್. ಸ್ವೀಡನ್ ದೇಶದ ಹತ್ಯಾರ. ನಮ್ಮ ಸೈನ್ಯದಲ್ಲಿ 1976ರಿಂದ ಇದೆ, ನಮ್ಮ ಕಾರ್ಖಾನೆಗಳಲ್ಲೇ ತಯಾರಾಗುತ್ತ ಬಂದಿದೆ. ಪಲ್ಟನ್‌ನಲ್ಲಿ ಯಾರೂ ಆ ಉದ್ದ ಹೆಸರು ಹೇಳುವುದಿಲ್ಲ, ‘ಆರ್‌ಎಲ್’, ಅಂದರೆ ರಾಕೆಟ್ ಲಾಂಚರ್, ಅಂದರೆ ಮುಗಿಯಿತು. ಆಗ ನಮ್ಮ ಬಳಿ ಇದ್ದ ಆರ್‌ಎಲ್ ಬರಿಯ ಕೊಳವೆಯೇ 14 ಕಿಲೋ. ಅದರಲ್ಲಿ ತುಂಬಿ ಹೊಡೆಯುವ ಒಂದೊಂದು ಸುತ್ತು (ಮದ್ದುಗುಂಡು) 3 ಕಿಲೋ. ಹೊಡೆಯುವವನೊಬ್ಬ, ತುಂಬುವವನೊಬ್ಬ, ಇಬ್ಬರೂ ಒಂದೇ ಜೀವ ಎಂಬಂತೆ ಇರಬೇಕು. ಈಗ ಅದೇ ಕೊಳವೆ ಹೊಸ ರೂಪದಲ್ಲಿ 7 ಕಿಲೋಗಿಂತ ಕಡಿಮೆ ತೂಗುತ್ತದೆ, ಅದಕ್ಕೊಂದು ಕಾರ್ಖಾನೆ ಹರಿಯಾಣದ ಝಜ್ಜರ್‌ನಲ್ಲಿ ಕಟ್ಟಲು 2024ರಲ್ಲಿ ಶುರುಮಾಡಿದರು. ಅದನ್ನೆಲ್ಲ ಓದಿದಾಗ ನನಗೂ ಸಂತೋಷವೇ ಆಗುತ್ತದೆ. ಇವತ್ತಿನ ಹುಡುಗರ ಬೆನ್ನು ಉಳಿಯಿತಲ್ಲ ಎಂದು.

ಆದರೆ ಲೇಖನ ಬಂದ ಮರುದಿನ ಸಂಜೆ ನಮ್ಮ ಓಣಿಯಲ್ಲಿ ನಡೆದದ್ದನ್ನು ಹೇಳಬೇಕು. ಪಕ್ಕದ ಮನೆಯವರು ಬೋರ್‌ವೆಲ್ ಕೆಲಸ ಮಾಡಿಸಿ ಉಳಿದ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಕಟ್ಟೆಗೆ ಒರಗಿಸಿದ್ದರು. ಹುಡುಗರು ಅದರಲ್ಲೊಂದನ್ನು ಎತ್ತಿಕೊಂಡು, ಪತ್ರಿಕೆಯ ಚಿತ್ರದಲ್ಲಿದ್ದ ಹಾಗೆಯೇ ಮೊಣಕಾಲೂರಿ, ಹೆಗಲ ಮೇಲಿಟ್ಟು ಆಡುತ್ತಿದ್ದರು. ಎದುರಿಗೆ ವೈರಿಯಾದ ಹುಡುಗ ನೀರು ತುಂಬುವ ಕಲ್ಲಿನ ದೋಣಿಯ ಮರೆಯಲ್ಲಿ ಅಡಗಿದ್ದ. ಪೈಪು ಉದ್ದವಾಗಿ ಹಿಂದಕ್ಕೆ ಜೋಲುತ್ತಿತ್ತು. ಅದು ಜೋಲದಂತೆ ಹಿಂದಿನ ತುದಿ ಹಿಡಿದು ನಿಂತವನು ಒಂಬತ್ತು ವರ್ಷದ ನನ್ನ ಮೊಮ್ಮಗ. ಹಿಂದಿನ ಬಾಯಿಗೆ ತನ್ನ ಬಾಯಿಯಿಟ್ಟು ‘ಢಂ’ ಎಂದು ಸದ್ದು ಮಾಡುತ್ತಿದ್ದ.

ಆಟವೆಂದು ನನಗೂ ಗೊತ್ತು. ಆದರೂ ನನ್ನ ಕಾಲು ತಡೆಯಲಿಲ್ಲ. ಓಡಿಹೋಗಿ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. ಪೈಪು ನೆಲಕ್ಕೆ ಬಿತ್ತು, ಹುಡುಗರೆಲ್ಲ ಹೆದರಿ ನಿಂತರು.

"ಹಿಂದ ನಿಂದರಬ್ಯಾಡೋ ತಮ್ಮಾ, ಹಿಂದ ಯಾವತ್ತೂ ನಿಂದರಬ್ಯಾಡ" ಅಂದೆ.

"ಅಲ್ಲಜ್ಜಾ, ಅಂವ ಹೊಡ್ಯಾಕತ್ತಿದ್ದು ಮುಂದಿನವಂಗ. ಹಿಂದಿದ್ದ ನನಗೇನ ಆಗತೈತಿ?" ಅಂದ.

ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವನು ನೋಡಿದ ಯಾವ ಚಿತ್ರದಲ್ಲೂ ಹಿಂಬದಿ ಇರಲಿಲ್ಲ.

ಬೆಳಗಾವಿಯಲ್ಲಿ ನಮ್ಮ ಉಸ್ತಾದರು ಮೊದಲ ದಿನ ಕಲಿಸಿದ್ದು ಗುರಿ ಹಿಡಿಯುವುದನ್ನಲ್ಲ, ಹಿಂದೆ ನೋಡುವುದನ್ನು. ತುಂಬುವವನು ಸುತ್ತು ಹಾಕಿ, ಹಿಂದಿನ ಮುಚ್ಚಳ ಬಿಗಿಮಾಡಿ, ಕತ್ತು ತಿರುಗಿಸಿ ಹಿಂದೆ ಪೂರ್ತಿ ಕಣ್ಣಾಡಿಸಿ ‘ಪೀಛೇ ಸಾಫ್’ ಎಂದು ಕೂಗಬೇಕು. ಆ ಕೂಗು ಕಿವಿಗೆ ಬೀಳದೆ ಕುದುರೆ (ಟ್ರಿಗರ್) ಒತ್ತುವ ಹಾಗಿಲ್ಲ. ಒಮ್ಮೆ ಫೈರಿಂಗ್ ರೇಂಜಿನಲ್ಲಿ ನಮ್ಮ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ತರಕಾರಿ ತುಂಬುವ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಉಸ್ತಾದರು ಬೇಕೆಂದೇ ಇಡಿಸಿದರು. ಒಂದೇ ಸುತ್ತು ಹೊಡೆದೆವು. ಹೊಗೆ ಇಳಿದ ಮೇಲೆ ಹೋಗಿ ನೋಡಿದರೆ ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕು ಮೊಳೆ, ಒಂದಿಷ್ಟು ಚಕ್ಕೆ. ಮುಂದಿನ ಗುರಿ ಏನಾಯಿತೆಂದು ಆವತ್ತು ಯಾರೂ ಕೇಳಲಿಲ್ಲ.

ಯಾಕೆ ಹೀಗೆ? ಜಾತ್ರೆಯಲ್ಲಿ ಗರ್ನಾಲು ಹಾರಿಸುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗರ್ನಾಲನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿರುತ್ತಾರೆ. ಸದ್ದು ಮೇಲಕ್ಕೆ ಹೋದಷ್ಟೇ ಒದೆತ ಕೆಳಗಿನ ನೆಲಕ್ಕೆ ಬೀಳುತ್ತದೆ, ಭೂಮಿ ತಡೆದುಕೊಳ್ಳುತ್ತದೆ. ದೊಡ್ಡ ತೋಪಿಗಾದರೆ ಗಾಲಿ, ಊರುಗಾಲು ಇರುತ್ತವೆ. 84 ಮಿ.ಮೀ. ಸುತ್ತನ್ನು ಮನುಷ್ಯನ ಹೆಗಲ ಮೇಲಿಂದ ಹೊಡೆದರೆ ಆ ಒದೆತವನ್ನು ತಡೆಯುವವರು ಯಾರು? ಹೆಗಲ ಎಲುಬು ಪುಡಿಯಾಗುತ್ತದೆ. ಅದಕ್ಕೇ ಕೊಳವೆಯ ಹಿಂದಿನ ಬಾಯಿಯನ್ನು ತೆರೆದಿಟ್ಟಿದ್ದಾರೆ. ಮದ್ದು ಹೊತ್ತಿಕೊಂಡಾಗ ಸುತ್ತು ಮುಂದಕ್ಕೆ ಚಿಮ್ಮುತ್ತದೆ, ಕುದಿಯುವ ಅನಿಲ ಹಿಂದಕ್ಕೆ ಚಿಮ್ಮುತ್ತದೆ, ಎರಡರ ನೂಕೂ ಸರಿಸಮ. ಹೆಗಲಿಗೆ ಏನೂ ಗೊತ್ತಾಗುವುದಿಲ್ಲ. ಹೆಗಲ ಮೇಲೆ ಬೀಳಬೇಕಾಗಿದ್ದ ಏಟೆಲ್ಲ ಹಿಂದೆ ನಿಂತವನ ಮೇಲೆ ಬೀಳುತ್ತದೆ. ಹತ್ತಾರು ಮೀಟರ್ ದೂರದವರೆಗೆ ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗುತ್ತ ಹೋಗುವ ಆ ಏಟಿಗೆ ಇಂಗ್ಲಿಷಿನಲ್ಲಿ ಬ್ಯಾಕ್‌ಬ್ಲಾಸ್ಟ್ ಅಂತಾರೆ. ಕನ್ನಡದಲ್ಲಿ ನಾನು ‘ಹಿಂಝಳ’ ಅನ್ನುತ್ತೇನೆ. ಒಲೆಯ ಬಾಯಿಂದ ಬರುವುದನ್ನು ನಮ್ಮ ಹೆಣ್ಣುಮಕ್ಕಳು ಝಳ ಅನ್ನುತ್ತಾರಲ್ಲ, ಅದೇ. ತಮ್ಮ ಉಪಸಂಪಾದಕರಿಗೆ ಇದಕ್ಕಿಂತ ಒಳ್ಳೆಯ ಮಾತು ಹೊಳೆದರೆ ಅದನ್ನೇ ಬಳಸಲಿ. ಆದರೆ ಒಂದು ಮಾತು ಬಳಕೆಗೆ ಬರಲೇಬೇಕು. ಮಾತಿಲ್ಲದ್ದಕ್ಕೇ ಆ ವಸ್ತು ಲೇಖನದಿಂದ ಬಿಟ್ಟುಹೋಗಿದೆ ಎಂದು ನನ್ನ ಅನಿಸಿಕೆ.

ಇಷ್ಟಾದರೆ ‘ಪಟ್ಟಣದ ಕಾಳಗಕ್ಕೆ ತಯಾರಾದದ್ದು’ ಎಂಬ ಮಾತಿನ ಅರ್ಥ ಬಿಚ್ಚಿಕೊಳ್ಳುತ್ತದೆ. ತಮ್ಮ ಲೇಖಕರು ಅದನ್ನು ಹಗುರ, ಸಣ್ಣದು, ಒಬ್ಬನೇ ಹೊರಬಹುದು ಎಂದಷ್ಟೇ ವಿವರಿಸಿದ್ದಾರೆ. ನಿಜವಾದ ಗಂಟು ಇರುವುದು ಬೇರೆ ಕಡೆ. ಬಯಲಲ್ಲಿ ಹಿಂಝಳಕ್ಕೆ ಹೋಗಲು ದಾರಿ ಇದೆ, ಪಟ್ಟಣದಲ್ಲಿ ಇಲ್ಲ. ನಮ್ಮ ಬೆಟಗೇರಿಯ ಮನೆಯನ್ನೇ ತೆಗೆದುಕೊಳ್ಳಿ. ಎರಡು ಅಡಿ ದಪ್ಪದ ಮಣ್ಣಿನ ಗ್ವಾಡಿ, ಮೇಲೆ ಜಂತಿ ಹಾಕಿದ ಮಣ್ಣಿನ ಮಾಳಿಗೆ, ಒಂದೇ ಬೆಳಕಿಂಡಿ, ಮಗ್ಗದ ಕುಣಿ ಇರುವ ಪಡಸಾಲಿ. ನಾನು ಹೊರುತ್ತಿದ್ದ ಹಳೆಯ ಆರ್‌ಎಲ್ ಅನ್ನು ಆ ಪಡಸಾಲಿಯ ಕಿಟಕಿಯಿಂದ ಹೊಡೆದರೆ ಹಿಂದಿನ ಗ್ವಾಡಿಗೆ ಬಡಿದ ಝಳ ಹಾಗೇ ತಿರುಗಿ ಹೊಡೆದವನ ಮೇಲೆಯೇ ಬರುತ್ತದೆ. ಕಿವಿಯ ತಮಟೆ ಹರಿಯುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ, ಮಾಳಿಗೆಯ ಮಣ್ಣು ತಲೆಯ ಮೇಲೆ ಕುಸಿಯುತ್ತದೆ. ವೈರಿ ಬದುಕಿದರೂ ಬದುಕಿಯಾನು, ನೀವು ಉಳಿಯುವುದಿಲ್ಲ.

ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಚಂದ. ಅನಿಲದ ಬದಲು ಹಿಂದಕ್ಕೆ ಬೇರೆ ಏನನ್ನಾದರೂ ದೂಡಿದರೆ? ತೂಕವುಳ್ಳದ್ದು, ಆದರೆ ಸ್ವಲ್ಪ ದೂರಕ್ಕೇ ಬಿದ್ದುಬಿಡುವಂಥದ್ದು. ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಅಮೆರಿಕದ ನೌಕಾಪಡೆಯ ಡೇವಿಸ್ ಎಂಬ ಅಧಿಕಾರಿ ತಾನು ಮಾಡಿದ ತೋಪಿನ ಹಿಂದಿನ ಬಾಯಿಯಲ್ಲಿ ಗ್ರೀಸು ಮತ್ತು ಸೀಸದ ಗುಂಡು ತುಂಬಿ ಇದನ್ನು ಸಾಧಿಸಿದ್ದರು. ನೂರು ವರ್ಷದ ಮೇಲೂ ಉಪಾಯ ಅದೇ, ತುಂಬುವ ವಸ್ತು ಮಾತ್ರ ಬದಲಾಗಿದೆ. ಸ್ವೀಡನ್ನಿನವರ ಎಟಿ4 ಸಿಎಸ್ ಎಂಬುದರಲ್ಲಿ ಹಿಂದೆ ಉಪ್ಪುನೀರು ಇರುತ್ತದೆ. ಹೊಡೆದಾಗ ಅದು ತುಂತುರಾಗಿ ಹಿಂದಕ್ಕೆ ಹಾರಿ ಝಳದ ಬಿಸಿಯನ್ನೂ ವೇಗವನ್ನೂ ತಾನೇ ನುಂಗುತ್ತದೆ. ಸಿಂಗಾಪುರ, ಇಸ್ರೇಲ್, ಜರ್ಮನಿಯವರು ಕೂಡಿ ಮಾಡಿದ 90 ಮಿ.ಮೀ. ಮಟಡೋರ್‌ನಲ್ಲಿ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಬ್ರಿಟನ್ ಮತ್ತು ಸ್ವೀಡನ್ನಿನ ಎನ್‌ಲಾದಲ್ಲಿ ಸಣ್ಣ ಮದ್ದೊಂದು ಸುತ್ತನ್ನು ಮೆಲ್ಲಗೆ ಹೊರಗೆ ತಳ್ಳಿ, ಅದು ಹೊಡೆದವನಿಂದ ದೂರವಾದ ಮೇಲೆ ದೊಡ್ಡ ಮೋಟಾರು ಹೊತ್ತಿಕೊಳ್ಳುತ್ತದೆ. ಹೀಗಾಗಿ ಇವುಗಳನ್ನು ಕೋಣೆಯೊಳಗಿಂದ ಹೊಡೆಯಬಹುದು. ಹೊಡೆಯಬಹುದು ಅಂದರೆ ಸುಖವಾಗಿ ಅಂತಲ್ಲ. ಕಿವಿಗೆ ಹತ್ತಿ, ಬಾಗಿಲು ಕಿಟಕಿ ತೆರೆದಿರಬೇಕು, ಹಿಂದೆ ಯಾರೂ ಇರಕೂಡದು ಎಂಬ ನೇಮ ಇವಕ್ಕೂ ಇದೆ. ಇಷ್ಟೆಲ್ಲ ಜಾಣತನ ಕೊಳವೆಯ ಹಿಂಬದಿಯಲ್ಲೇ ತುಂಬಿರುವಾಗ ಲೇಖನದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬುದು ನನ್ನ ಮೊದಲ ನೋವು.

ಚಿತ್ರದ ಕೆಳಗೆ ‘ಕ್ಷಿಪಣಿ ಹಾರಿಸುತ್ತಿರುವ ಯೋಧ’ ಎಂದಿತ್ತು. ಅದು ಕ್ಷಿಪಣಿಯಲ್ಲ, ಕಾರ್ಲ್ ಗುಸ್ತಾಫ್, ಅಂದರೆ ಒದೆತವಿಲ್ಲದ ತೋಪು. ಬಿಟ್ಟ ಮೇಲೆ ದಾರಿ ಹಿಡಿದು ಗುರಿಯ ಕಡೆ ತಿರುಗುವುದು ಕ್ಷಿಪಣಿ. ತನ್ನ ಮೋಟಾರಿನಿಂದ ನೆಟ್ಟಗೆ ಹೋಗುವುದು ರಾಕೆಟ್. ಕೊಳವೆಯೊಳಗಿನ ಮದ್ದು ತಳ್ಳಿದ್ದಕ್ಕೆ ಹೋಗುವುದು ತೋಪಿನ ಸುತ್ತು. 1965ರಲ್ಲಿ ಖೇಮಕರಣದ ಬಳಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದದ್ದೂ ಇಂಥ ಒದೆತವಿಲ್ಲದ ತೋಪಿನಿಂದಲೇ, ಅದು 106 ಮಿ.ಮೀ.ದು. ಆ ಮಹಾನುಭಾವನ ಹೆಸರು ಬರೆಯುವಾಗಲೂ ಕೆಲವರು ರಾಕೆಟ್ ಎಂದು ಬರೆದುಬಿಡುತ್ತಾರೆ. ನಮ್ಮ ಸೈನ್ಯದಲ್ಲೇ ಆರ್‌ಎಲ್ ಎಂದು ಕರೆಯುವುದರಿಂದ ಗೊಂದಲವಾಗುವುದು ಸಹಜ. ಮುಂದಿನ ಸಲ ಸರಿಪಡಿಸಿದರೆ ಸಾಕು.

ಇನ್ನು ಕೊಳವೆಯ ಮುಂದಿನ ವಿಷಯ. ಹೆಗಲ ಮೇಲಿನ ಈ ಕೊಳವೆಗಳು ಮೊದಲು ಹುಟ್ಟಿದ್ದು ಟ್ಯಾಂಕು ಒಡೆಯಲಿಕ್ಕೆ. ಪಟ್ಟಣಕ್ಕೆ ಬಂದದ್ದೂ ಟ್ಯಾಂಕನ್ನು ಹುಡುಕಿಕೊಂಡೇ. 1994ರ ಕೊನೆಯ ದಿನ ರಷ್ಯಾದ ಸೈನ್ಯ ಚೆಚನ್ಯದ ಗ್ರೋಜ್ನಿ ನಗರಕ್ಕೆ ಟ್ಯಾಂಕು ನುಗ್ಗಿಸಿತು. ಚೆಚೆನ್ನರು ನೆಲಮಾಳಿಗೆಗಳಲ್ಲಿ, ಮೇಲಿನ ಅಂತಸ್ತುಗಳಲ್ಲಿ ಆರ್‌ಪಿಜಿ ಎಂಬ ಹೆಗಲ ಮೇಲಿನ ರಾಕೆಟ್ ಕೊಳವೆ ಹಿಡಿದು ಕೂತಿದ್ದರು. ಟ್ಯಾಂಕಿನ ತೋಪು ಅಷ್ಟು ಮೇಲಕ್ಕೂ ಏಳಲಿಲ್ಲ, ಅಷ್ಟು ಕೆಳಕ್ಕೂ ಬಾಗಲಿಲ್ಲ. ಸಾಲಿನ ಮೊದಲ ಗಾಡಿಯನ್ನೂ ಕಡೆಯ ಗಾಡಿಯನ್ನೂ ಸುಟ್ಟರೆ ನಡುವಿನವು ಓಣಿಯಲ್ಲಿ ಸಿಕ್ಕಿಬಿದ್ದವು. ಮೈಕೋಪ್‌ನ 131ನೇ ಬ್ರಿಗೇಡ್ ಅಲ್ಲಿ ನುಚ್ಚುನೂರಾಯಿತು. ನಮ್ಮ ತರಗತಿಯಲ್ಲಿ ಈ ಪಾಠ ಹೇಳಿದಾಗ ನನಗೆ ಬೆಟಗೇರಿಯ ಓಣಿಗಳು ಕಣ್ಣೆದುರು ಬಂದು, ಆ ಟ್ಯಾಂಕಿನೊಳಗಿದ್ದ ಹದಿನೆಂಟು ಹತ್ತೊಂಬತ್ತರ ಹುಡುಗರ ನೆನಪಾಗಿ ಊಟ ಸೇರಲಿಲ್ಲ.

ಆಮೇಲೆ ಗುರಿ ಬದಲಾಯಿತು. ಟ್ಯಾಂಕಿನ ಬದಲು ಗೋಡೆ. ಟ್ಯಾಂಕು ಒಡೆಯುವ ಸುತ್ತಿನಲ್ಲಿ ಆಲಿಕೆಯ ಆಕಾರದ ತಾಮ್ರದ ತಗಡು ಇರುತ್ತದೆ, ಸಿಡಿದಾಗ ಅದು ಸೂಜಿಯಂಥ ಧಾರೆಯಾಗಿ ಉಕ್ಕನ್ನು ಕೊರೆಯುತ್ತದೆ. ಮನೆಯ ಗೋಡೆಗೆ ಹೊಡೆದರೆ ಅದು ಮಾಡುವುದು ಮುಷ್ಟಿಯಷ್ಟು ತೂತು. ಅದಕ್ಕೇ ಹೊಸ ಸುತ್ತುಗಳು ಬಂದವು. ಮಟಡೋರ್‌ನ ಮೂತಿಯಲ್ಲಿ ಒಂದು ಕಡ್ಡಿ ಇದೆ. ಹೊರಗೆಳೆದರೆ ಸೂಜಿಯ ಹಾಗೆ ಉಕ್ಕು ಕೊರೆಯುತ್ತದೆ. ಒಳಗೇ ಬಿಟ್ಟರೆ ಮದ್ದು ಗ್ವಾಡಿಗೆ ಕುಳ್ಳು ತಟ್ಟಿದ ಹಾಗೆ ಅಂಟಿಕೊಂಡು ಆಮೇಲೆ ಸಿಡಿದು, ಮನುಷ್ಯ ನುಸುಳುವಷ್ಟು ಗೋಡೆಯನ್ನು ಕೆಡವುತ್ತದೆ. ಕಾರ್ಲ್ ಗುಸ್ತಾಫ್‌ನ ಒಂದು ಸುತ್ತಿನಲ್ಲಿ ಎರಡು ಮದ್ದುಗಳು ಒಂದರ ಹಿಂದೊಂದು ಇವೆ. ಮೊದಲನೆಯದು ಗೋಡೆಗೆ ದಾರಿ ಕೊರೆದರೆ ಎರಡನೆಯದು ಆ ದಾರಿಯಲ್ಲಿ ಒಳಹೊಕ್ಕು ಕೋಣೆಯಲ್ಲಿ ಸಿಡಿಯುತ್ತದೆ. ರಷ್ಯಾದ ಶ್ಮೆಲ್ ಎಂಬ ಹೆಗಲ ಮೇಲಿನ ಹತ್ಯಾರ ಇನ್ನೂ ಘೋರ. ಅದರ ಮದ್ದು ಕೋಣೆಯ ಗಾಳಿಯೊಳಗಿನ ಆಮ್ಲಜನಕವನ್ನೇ ಬಳಸಿಕೊಂಡು ಉರಿಯುತ್ತದೆ. ಚೂರು ತಾಕದಂತೆ ಕಂಬದ ಮರೆಗೆ ನಿಂತರೂ ಒತ್ತಡ ಮೂಲೆ ಮೂಲೆಗೆ ಹೊಕ್ಕು ಹುಡುಕುತ್ತದೆ.

ಇದನ್ನೆಲ್ಲ ‘ನಿಖರ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದು ನನ್ನ ಎರಡನೆಯ ನೋವು. ಸುತ್ತು ನಿಖರವಾಗಿ ಗೋಡೆಯನ್ನು ಮುಟ್ಟುತ್ತದೆ, ನಿಜ. ಗೋಡೆಯ ಹಿಂದೆ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ, ಹೊಡೆಯುವವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ತೊಂಬತ್ತರ ದಶಕದಲ್ಲಿ ಕಾಶ್ಮೀರದಲ್ಲಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಒಂದು ಮನೆಯಲ್ಲಿ ಇಬ್ಬರು ಉಗ್ರರು ಸೇರಿಕೊಂಡಿದ್ದರು. ಕಟ್ಟಿಗೆಯ ಚೌಕಟ್ಟಿನ ನಡುವೆ ಇಟ್ಟಿಗೆ ಮಣ್ಣು ತುಂಬಿದ ಗೋಡೆ, ನಮ್ಮ ಗ್ವಾಡಿಯ ಹಾಗೇ ಕೈಯಿಂದ ಮೆತ್ತಿದ್ದು. ಮನೆಯವರನ್ನು ಮೊದಲೇ ಹೊರಗೆ ತಂದು ಅಕ್ರೋಟ್ ಮರದ ಕೆಳಗೆ ಕೂರಿಸಿದ್ದೆವು. ಇರುಳೆಲ್ಲ ಗುಂಡಿನ ಚಕಮಕಿಯಾಯಿತು, ನಮ್ಮ ಒಬ್ಬ ನಾಯಕ್‌ಗೆ ತೊಡೆಗೆ ಗುಂಡು ಬಿತ್ತು. ಬೆಳಗಿನ ಜಾವ ಆರ್‌ಎಲ್ ತರಲು ಹುಕುಂ ಆಯಿತು. ನಾನು ಜಾಗ ಹಿಡಿದು ಕೂತಾಗ ಆ ಮನೆಯ ಮುದುಕಿ ಎದ್ದು ಬಂದು ನಮ್ಮ ಸುಬೇದಾರರ ತೋಳು ಹಿಡಿದಳು. ಮನೆ ಉಳಿಸಿ ಎಂದು ಕೇಳಲಿಲ್ಲ. ಕೆಳಗಿನ ಕೊಟ್ಟಿಗೆಯಲ್ಲಿ ಹಸು ಕಟ್ಟಿದೆ, ಅದನ್ನೊಂದು ಬಿಚ್ಚಿಬಿಡಿ ಎಂದಳು. ನಮ್ಮ ಇಬ್ಬರು ಜವಾನರು ತೆವಳಿಕೊಂಡು ಹೋಗಿ ಕೊಟ್ಟಿಗೆಯ ಹಿಂದಿನ ಹಲಗೆ ಕಿತ್ತು ಹಸುವನ್ನು ಬಿಚ್ಚಿದರು. ಅದು ನೆಟ್ಟಗೆ ನಮ್ಮ ಹಿಂದಕ್ಕೇ ಓಡಿ ಬಂದು ನಿಂತಿತು, ಸರಿಯಾಗಿ ಹಿಂಝಳದ ದಾರಿಯಲ್ಲಿ. ನನ್ನ ಜೊತೆಗಾರ ‘ಪೀಛೇ ಸಾಫ್’ ಅನ್ನಲಿಲ್ಲ. ಎದ್ದುಹೋಗಿ ಹಸುವಿನ ಕೊರಳ ಹಗ್ಗ ಹಿಡಿದು ದೂರ ಒಯ್ದು ಕಟ್ಟಿ ಬಂದು ಆಮೇಲೆ ಅಂದ. ಮೂರು ಸುತ್ತು ಹೊಡೆದೆ. ಮನೆ ಕುಸಿಯಿತು.

ನಮ್ಮ ಕೆಲಸ ಸರಿಯಿತ್ತು. ನಾವು ಹಾಗೆ ಮಾಡದಿದ್ದರೆ ಒಳಗೆ ನುಗ್ಗಿದ ನಮ್ಮ ಹುಡುಗರು ಸಾಯುತ್ತಿದ್ದರು. ಅದನ್ನು ನಾನು ಇವತ್ತಿಗೂ ಯಾರೆದುರಿಗೂ ಹೇಳಬಲ್ಲೆ. ಆದರೆ ಸಂಜೆ ನಾವು ಹೊರಟಾಗ ಆ ಮುದುಕಿ ಕುಸಿದ ಗೋಡೆಯ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಒಂದು ಕಡೆ ರಾಶಿ ಹಾಕುತ್ತಿದ್ದಳು, ಮತ್ತೆ ಕಲಸಿ ಕಟ್ಟಲಿಕ್ಕೆ. ಮಳೆಗಾಲ ಮುಗಿದ ಮೇಲೆ ನನ್ನ ಅವ್ವ ಬಿದ್ದ ಗ್ವಾಡಿಯ ಮಣ್ಣನ್ನು ಹಾಗೇ ಕೂಡಿಸುತ್ತಿದ್ದಳು. ಪಟ್ಟಣದ ಕಾಳಗದ ಹತ್ಯಾರದ ಬಗ್ಗೆ ಯಾರಾದರೂ ಬರೆದಾಗ ನನಗೆ ಮೊದಲು ಕಾಣುವುದು ಆ ಬುಟ್ಟಿ.

ಇನ್ನೊಂದು ಸಂಗತಿ. ಹೊಡೆದ ಸುತ್ತುಗಳೆಲ್ಲ ಸಿಡಿಯುವುದಿಲ್ಲ. ಸಿಡಿಯದೆ ಬಿದ್ದದ್ದಕ್ಕೆ ಸೈನ್ಯದಲ್ಲಿ ‘ಬ್ಲೈಂಡ್’ ಅಂತಾರೆ. ಅದನ್ನು ಹುಡುಕಿ ನಾಶ ಮಾಡುವುದು ಹೊಡೆಯುವುದಕ್ಕಿಂತ ನಿಧಾನದ ಕೆಲಸ. ಬಯಲಿನ ರೇಂಜಿನಲ್ಲೇ ಗುಜರಿಗೆಂದು ಚೂರು ಆಯಲು ಬಂದ ಹಳ್ಳಿಯ ಹುಡುಗರನ್ನು ಓಡಿಸುವುದು ನಮಗೆ ದಿನದ ಪಾಡಾಗಿತ್ತು. ಕುಸಿದ ಪಟ್ಟಣದ ಕಲ್ಲುಮಣ್ಣಿನೊಳಗೆ ಅವು ಸೇರಿಕೊಂಡರೆ ಮನೆಗೆ ಮರಳಿ ಬಂದವರು ಬುಟ್ಟಿ ಹಿಡಿಯುವುದು ಹೇಗೆ? ಜನವಸತಿಯ ಜಾಗಗಳಲ್ಲಿ ಸ್ಫೋಟಕ ಹತ್ಯಾರಗಳ ಬಳಕೆಗೆ ಕಡಿವಾಣ ಹಾಕಬೇಕೆಂದು 2022ರ ನವೆಂಬರ್‌ನಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ 80ಕ್ಕೂ ಹೆಚ್ಚು ದೇಶಗಳು ಒಂದು ಘೋಷಣೆಯನ್ನು ಒಪ್ಪಿದವು. ಲೇಖನದಲ್ಲಿ ಅದಕ್ಕೂ ಎರಡು ಸಾಲಿನ ಜಾಗ ಸಿಗಬೇಕಾಗಿತ್ತು.

ಹೊಡೆದವನ ಮೈಗೆ ಏನಾಗುತ್ತದೆ ಎಂಬುದೂ ಇಲ್ಲ. ನನ್ನ ಎಡಗಿವಿ ಈಗ ಅರ್ಧ ಮಂದ. ಓಣಿಯಲ್ಲಿ ಮಗ್ಗದ ಲಾಳಿಯ ಸದ್ದು ಆ ಕಡೆಯಿಂದ ನನಗೆ ಕೇಳುವುದಿಲ್ಲ. ದಿನಕ್ಕೆ ಐದಾರು ಸುತ್ತು ಹೊಡೆದ ಇರುಳು ತಲೆಯೊಳಗೆ ಜೇನು ಎದ್ದ ಹಾಗೆ ಗುಂಯ್ ಅನ್ನುತ್ತಿತ್ತು. ಅದು ದಣಿವೆಂದುಕೊಳ್ಳುತ್ತಿದ್ದೆವು. ಪ್ರತಿ ಸುತ್ತಿನ ಒತ್ತಡದ ಅಲೆ ಮಿದುಳಿಗೂ ಪೆಟ್ಟು ಕೊಡುತ್ತದೆಯೇ ಎಂದು ಅಮೆರಿಕದಲ್ಲಿ ಈಗ ವೈದ್ಯರು ಪರೀಕ್ಷಿಸುತ್ತಿದ್ದಾರೆ. ಅಲ್ಲಿ ತರಬೇತಿಯಲ್ಲಿ ಒಬ್ಬ ಸೈನಿಕ ದಿನಕ್ಕೆ ಇಂತಿಷ್ಟೇ ಸುತ್ತು ಹೊಡೆಯಬೇಕೆಂಬ ಮಿತಿಯಿದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 2016ರಲ್ಲಿ ಸಿಯಾಚಿನ್ ಹಿಮದಡಿಯಿಂದ ಜೀವಂತ ಹೊರತೆಗೆದಾಗ ಕನ್ನಡ ಪತ್ರಿಕೆಗಳೆಲ್ಲ ಆ ಹಿಮದ ಬಗ್ಗೆ, ಆ ಚಳಿ ದೇಹಕ್ಕೆ ಮಾಡುವುದರ ಬಗ್ಗೆ ಎಷ್ಟು ಅಕ್ಕರೆಯಿಂದ ಬರೆದವು. ನಮ್ಮ ಸೀಮೆಯ ಜನ ಸಿಯಾಚಿನ್ ಎಂದರೇನೆಂದು ಅರಿತದ್ದು ಆವಾಗ. ಆ ಅಕ್ಕರೆಯಿಂದಲೇ ಹತ್ಯಾರಗಳ ಬಗ್ಗೆಯೂ ಬರೆಯಿರಿ ಎಂಬುದು ನನ್ನ ಕೋರಿಕೆ.

ಸೈನ್ಯಕ್ಕೆ ಹೊಸ ಹತ್ಯಾರ ಬೇಡವೆಂದು ನಾನು ಹೇಳುತ್ತಿಲ್ಲ. 14 ಕಿಲೋ ಹೊತ್ತು ಬೆಟ್ಟ ಹತ್ತಿದವನು ಹಾಗೆ ಹೇಳಲಾರ. ಕೋಣೆಯೊಳಗಿಂದ ಹೊಡೆಯಬಲ್ಲ ಸುತ್ತು ನಮ್ಮ ಕಾಲಕ್ಕೆ ಇದ್ದಿದ್ದರೆ ಬಯಲಿಗೆ ಬಂದು ಗುಂಡಿಗೆ ಎದೆಯೊಡ್ಡುವ ಪ್ರಸಂಗ ಎಷ್ಟೋ ಸಲ ತಪ್ಪುತ್ತಿತ್ತು. ಹಿಂಝಳ ಎಬ್ಬಿಸುವ ಧೂಳೇ ವೈರಿಗೆ ನಮ್ಮ ಜಾಗ ತೋರಿಸಿಕೊಡುತ್ತಿತ್ತು. ಹೊಡೆದ ಕೂಡಲೇ ಕೊಳವೆ ಎತ್ತಿಕೊಂಡು ಓಡುವುದೇ ನಮ್ಮ ಕವಾಯತಾಗಿತ್ತು.

ಮೊಮ್ಮಗನಿಗೆ ಆವತ್ತು ರಾತ್ರಿ ಪಡಸಾಲಿಯಲ್ಲಿ ಕೂರಿಸಿ ಇದನ್ನೆಲ್ಲ ಅವನಿಗೆ ತಿಳಿಯುವಷ್ಟು ಹೇಳಿದೆ. ಹಸುವಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡ. ಮರುದಿನ ಸಾಲೆಯ ಪಟ್ಟಿಯಿಂದ ಹಾಳೆ ಹರಿದು ಒಂದು ಚಿತ್ರ ಬರೆದ. ನಡುವೆ ಕೊಳವೆ ಹೊತ್ತ ಸೈನಿಕ, ಮುಂದೆ ಮನೆ, ಹಿಂದೆ ಕೆಂಪು ಬಣ್ಣ ತುಂಬಿದ ಅಗಲವಾದ ಬೀಸಣಿಗೆ, ಅದರಾಚೆ ದೂರದಲ್ಲಿ ಮರಕ್ಕೆ ಕಟ್ಟಿದ ಹಸು. ಈ ಪತ್ರದ ಜೊತೆ ಅದನ್ನು ಇಟ್ಟಿದ್ದೇನೆ. ಅಚ್ಚು ಮಾಡುವುದಾದರೆ ದಯವಿಟ್ಟು ಹಿಂಬದಿಯನ್ನು ಕತ್ತರಿಸಬೇಡಿ. ಮೂಲ ಹಾಳೆಯನ್ನು ತಿರುಗಿ ಕಳಿಸಿದರೆ ಉಪಕಾರವಾಗುತ್ತದೆ, ಅವನು ದಿನಾ ಕೇಳುತ್ತಿರುತ್ತಾನೆ.

ಇತಿ ತಮ್ಮ ಓದುಗ,
ಒಬ್ಬ ನಿವೃತ್ತ ಹವಾಲ್ದಾರ
ಬೆಟಗೇರಿ, ಗದಗ